ಆರ್ಡರ್ ಒಂದು ವಾರ ದುಪ್ಪಟ್ಟು, ಇನ್ನೊಂದು ವಾರ ಅರ್ಧ: ಏಕೆ ಹೀಗೆ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಸಣ್ಣ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರಗಳ) ಘಟಕ. ಒಂದು ಬಿಡಿಭಾಗ ಕಂಪನಿಗೆ ಸ್ಟೀಲ್ ಬುಶ್ (ಕೊಳವೆಯಂಥ ಸಣ್ಣ ತುಂಡು) ಕೊಡುತ್ತೇವೆ. ಅವರು ಅದನ್ನು ಜೋಡಿಸಿ ವಾಹನ ಕಾರ್ಖಾನೆಗೆ ಕಳಿಸುತ್ತಾರೆ. ಒಂದು ವಾರ ಆರ್ಡರ್ ದಿಢೀರ್ ಏರುತ್ತದೆ, ನೈಟ್ ಶಿಫ್ಟ್ ಹಾಕುತ್ತೇವೆ. ಮರುವಾರ ಇಳಿದು ಮಾಲು ಹಾಗೇ ಬಿದ್ದಿರುತ್ತದೆ. ವಾಹನ ಮಾರಾಟ ಮಾತ್ರ ಅಷ್ಟೇನೂ ಏರಿಳಿದಿಲ್ಲ. ತಪ್ಪು ಯಾರದು ಸರ್?

ಉತ್ತರ: ಯಾರೂ ಬೇಕಂತ ಮಾಡುತ್ತಿಲ್ಲ. ಒಂದು ಲೆಕ್ಕ ಹಾಕಿ ನೋಡೋಣ.

ಕಾರ್ಖಾನೆ ವಾರಕ್ಕೆ 1000 ಬುಶ್ ಬಳಸುತ್ತದೆ ಅನ್ನಿ. ಎಲ್ಲರೂ ಎರಡು ವಾರದ ಸ್ಟಾಕ್ ಇಡುತ್ತೀರಿ. ಈ ವಾರ ಬಳಕೆ 1100 ಆಯಿತು. ಬಿಡಿಭಾಗ ಕಂಪನಿಗೆ ಆ 1100 ಬೇಕು, ಜೊತೆಗೆ ಸ್ಟಾಕನ್ನು 2000ದಿಂದ 2200ಕ್ಕೆ ಏರಿಸಬೇಕು. ನಿಮಗೆ ಬರುವ ಆರ್ಡರ್ 1300. ನೀವೂ ಸ್ಟಾಕನ್ನು 2600ಕ್ಕೆ ಏರಿಸಲು ಹೊರಟರೆ 1900 ಬುಶ್‌ಗಾಗುವಷ್ಟು ರಾಡ್ ಕೊಳ್ಳುತ್ತೀರಿ. ನೂರರ ಏರಿಕೆ ನಿಮ್ಮ ಅಂಗಳಕ್ಕೆ ಬರುವಾಗ ಒಂಬೈನೂರು! ಮರುವಾರ ಬಳಕೆ ಮತ್ತೆ 1000 ಆದರೆ ಅವರು ಸ್ಟಾಕನ್ನು 2000ಕ್ಕೆ ಇಳಿಸುತ್ತಾರೆ, ನಿಮಗೆ ಬರುವ ಆರ್ಡರ್ 800. ನಿಮಗೆ ಆಗ 1600ರ ಸ್ಟಾಕ್ ಸಾಕು, ಇರುವುದು 2600; ರಾಡ್ ಕೊಳ್ಳುವ ಪ್ರಶ್ನೆಯೇ ಇಲ್ಲ.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೇ ಫಾರೆಸ್ಟರ್ 1961ರಲ್ಲೇ ಇದನ್ನು ವಿವರಿಸಿದ್ದರು. ಈಗ ಇದಕ್ಕೆ ಬುಲ್‌ವಿಪ್ ಅನ್ನುತ್ತಾರೆ. ಚಾಟಿಯ ಹಿಡಿ ಚೂರು ಅಲುಗಿದರೂ ತುದಿ ಜೋರಾಗಿ ಬೀಸುತ್ತದಲ್ಲ, ಹಾಗೆ. ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿಗೆ ಡೈಪರ್ ವ್ಯಾಪಾರದಲ್ಲೇ ಇದು ಕಂಡಿತ್ತು. ಮಕ್ಕಳ ಬಳಕೆ ಹೆಚ್ಚುಕಡಿಮೆ ಒಂದೇ ಸಮ, ವಿತರಕರ ಆರ್ಡರ್ ಮಾತ್ರ ಏರಿಳಿತ.

ಹಾಗಾಗಿ ಆರ್ಡರ್ ಜೊತೆ ಇನ್ನೆರಡು ಅಂಕಿ ಕೇಳಿ: ಕಾರ್ಖಾನೆ ಆ ವಾರ ನಿಜವಾಗಿ ಬಳಸಿದ್ದೆಷ್ಟು, ಬಿಡಿಭಾಗ ಕಂಪನಿಯಲ್ಲಿ ಉಳಿದ ಸ್ಟಾಕ್ ಎಷ್ಟು. ಪರ್ಚೇಸ್‌ನವರಿಗೆ ದರದ್ದೇ ಚಿಂತೆ, ಪ್ಲಾನಿಂಗ್‌ನವರನ್ನೇ ಹಿಡಿಯಿರಿ. ಪ್ರತಿ ಸೋಮವಾರ ಹತ್ತು ನಿಮಿಷದ ಫೋನ್ ಸಾಕು. ಮುಂದಿನ ಎರಡು ವಾರದ ಶೆಡ್ಯೂಲ್ ಬದಲಿಸಬೇಡಿ, ಆಮೇಲಿನದು ಬರೀ ಅಂದಾಜಾಗಿರಲಿ ಅಂತ ಒಪ್ಪಿಸಿ. ದೊಡ್ಡ ಗ್ರಾಹಕರ ಹತ್ತಿರ ಇದನ್ನು ಕೇಳುವುದು ಕಷ್ಟ, ಗೊತ್ತು. ಆದರೆ ಬುಶ್ ಸಿಗದೆ ಜೋಡಣೆ ಲೈನ್ ನಿಂತರೆ ಅವರಿಗೂ ನಷ್ಟ ಅಲ್ವಾ? ಅಲ್ಲಿಂದಲೇ ಮಾತು ಶುರು ಮಾಡಿ.

ನಿಮ್ಮ ಕಡೆಯಿಂದಲೂ ಒಂದು ಕೆಲಸ ಇದೆ. ಸಿದ್ಧ ಬುಶ್ ಜಾಸ್ತಿ ಇಡಬೇಡಿ, ರಾಡ್ ಇಡಿ. ಒಂದೇ ಅಳತೆಯ ರಾಡ್‌ನಿಂದ ಮೂರ್ನಾಲ್ಕು ಬಗೆಯ ಬುಶ್ ತೆಗೆಯಬಹುದು. ಕಡಿದ ಬುಶ್ ಮಾತ್ರ ಒಂದೇ ಗ್ರಾಹಕರಿಗೆ ಕಾಯುತ್ತಾ ಕೂರುತ್ತದೆ.