ಪ್ರಬಂಧದಲ್ಲಿ ವಾದ ಮಂಡಿಸುವುದನ್ನು ಮಕ್ಕಳಿಗೆ ಹೇಗೆ ಕಲಿಸುವುದು?

ಹೈಸ್ಕೂಲ್ ಮಕ್ಕಳಿಗೆ ವಾದ ಮಂಡಿಸುವ ಪ್ರಬಂಧ ಬರೆಯಲು ಹೇಳಿದರೆ ಬರೀ ಅಭಿಪ್ರಾಯ ಬರೆದು ಮುಗಿಸುತ್ತಾರೆ, ಏನು ಮಾಡಲಿ, ಮಾದರಿ ಪ್ರಬಂಧ ಕೊಡಬಹುದಾ ಅಂತ ಕೇಳಿದ್ದೀರಿ. ನಾನೂ ಇದೇ ವಯಸ್ಸಿನವರಿಗೆ ಭಾಷೆ ಕಲಿಸುತ್ತೇನೆ.

ಮೊದಲು ನೀವು ಕೊಡುವ ವಿಷಯವನ್ನೇ ಒಮ್ಮೆ ನೋಡಿ. 'ಮೊಬೈಲ್: ವರವೋ ಶಾಪವೋ' ಅಂತ ಕೊಟ್ಟರೆ ಅರ್ಧ ಪುಟ ವರ, ಅರ್ಧ ಪುಟ ಶಾಪ, ಕೊನೆಗೆ 'ಇತಿಮಿತಿಯಲ್ಲಿ ಬಳಸಿದರೆ ಎಲ್ಲವೂ ಒಳ್ಳೆಯದೇ'. ಮಕ್ಕಳದ್ದೇನೂ ತಪ್ಪಿಲ್ಲ, ಆ ವಿಷಯದಲ್ಲಿ ಜಗಳಕ್ಕೆ ಜಾಗವೇ ಇಲ್ಲ. 'ಪ್ರತಿದಿನ ಹೋಂವರ್ಕ್ ಕೊಡಬೇಕಾ?' ಅಂತ ಕೇಳಿ ನೋಡಿ. ಬೇಕು ಅಥವಾ ಬೇಡ, ಒಂದು ಕಡೆ ನಿಲ್ಲಲೇಬೇಕು.

ನಿಜವಾದ ಕಷ್ಟ ಇರುವುದು ಆಮೇಲೆ. ಒಬ್ಬಳು ಹುಡುಗಿ ಹೀಗೆ ಬರೆದಳು ಅಂದುಕೊಳ್ಳಿ: 'ಹೋಂವರ್ಕ್ ಬೇಡ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ.' ಅಂಕಿ ಸರಿಯಾಗಿಯೇ ಇದೆ. ಆದರೆ ಎರಡು ವಾಕ್ಯಗಳ ನಡುವೆ ಕೊಂಡಿ ಇಲ್ಲ. ನಿದ್ದೆ ಕೆಡಿಸುತ್ತಿರುವುದು ಹೋಂವರ್ಕೇ ಅಂತ ಹೇಗೆ ಗೊತ್ತು? ಟಿವಿ ಯಾಕಾಗಿರಬಾರದು? ಬ್ರಿಟಿಷ್ ತತ್ವಶಾಸ್ತ್ರಜ್ಞ ಸ್ಟೀಫನ್ ಟೂಲ್ಮಿನ್ 1958ರಲ್ಲಿ ವಾದವನ್ನು ಭಾಗ ಭಾಗವಾಗಿ ಬಿಡಿಸಿ ತೋರಿಸಿದಾಗ, ಹೇಳಿಕೆ ಮತ್ತು ಆಧಾರದ ಜೊತೆಗೆ ಇವೆರಡನ್ನೂ ಜೋಡಿಸುವ ಈ ಕೊಂಡಿಗೂ ಪ್ರತ್ಯೇಕ ಜಾಗ ಕೊಟ್ಟರು. ಮಕ್ಕಳ ಮುಂದೆ ಅವರ ಹೆಸರೆಲ್ಲ ಎತ್ತುವುದು ಬೇಡ. ಅಂಚಿನಲ್ಲಿ 'ಅದಕ್ಕೇನೀಗ?' ಅಂತ ಬರೆದು ನೋಟ್‌ಬುಕ್ ವಾಪಸ್ ಕೊಡಿ, ಸಾಕು.

ಅವಳು ಎರಡನೇ ಸಲ ಬರೆಯುವುದು ಹೆಚ್ಚುಕಡಿಮೆ ಹೀಗಿರುತ್ತದೆ: 'ಎಲ್ಲ ವಿಷಯದವರೂ ಒಂದೇ ದಿನ ಹೋಂವರ್ಕ್ ಕೊಟ್ಟರೆ, ಮುಗಿಸುವಷ್ಟರಲ್ಲಿ ಮಲಗುವ ಹೊತ್ತು ಮೀರುತ್ತದೆ. ಕಡಿಮೆ ಕೊಟ್ಟ ದಿನ ಬೇಗ ಮಲಗುತ್ತೇವೆ. ಆದ್ದರಿಂದ ದಿನಕ್ಕೆ ಎರಡು ವಿಷಯಕ್ಕಿಂತ ಜಾಸ್ತಿ ಬೇಡ.' ಗಮನಿಸಿದಿರಾ? ಕೊಂಡಿ ಹುಡುಕಲು ಹೊರಟಾಗ ಹೇಳಿಕೆಯೇ ಬದಲಾಯಿತು. 'ಬೇಡವೇ ಬೇಡ' ಹೋಗಿ 'ಇಷ್ಟು ಸಾಕು' ಬಂತು. ನಾನಂತೂ ಈ ಬದಲಾವಣೆಗೇ ಹೆಚ್ಚು ಅಂಕ ಕೊಡುತ್ತೇನೆ. ಕಾಗುಣಿತದ ತಪ್ಪು ಆಮೇಲೆ ತಿದ್ದಿದರಾಯಿತು.

ಎದುರು ಪಕ್ಷದ ಮಾತನ್ನು ಮಕ್ಕಳು ಒಂದೇ ಸಾಲಿನಲ್ಲಿ ಹೊಡೆದು ಹಾಕುತ್ತಾರೆ: 'ಕೆಲವರು ಹೋಂವರ್ಕ್ ಬೇಕು ಅನ್ನುತ್ತಾರೆ, ಆದರೆ ಅದು ತಪ್ಪು.' ನಮ್ಮ ಹಳೆಯ ಶಾಸ್ತ್ರಕಾರರ ಪದ್ಧತಿ ಎಷ್ಟೋ ವಾಸಿ. ಮೊದಲು ಪೂರ್ವಪಕ್ಷ, ಅಂದರೆ ಎದುರಿನವರ ವಾದ. ಅದನ್ನು ಪೂರ್ತಿ ಇಟ್ಟ ಮೇಲೆಯೇ ತಮ್ಮ ಸಿದ್ಧಾಂತ. ಕ್ಲಾಸಿನಲ್ಲಿ ಇದನ್ನು ಮಾಡಿಸಬಹುದು. ಹೋಂವರ್ಕ್ ಬೇಡ ಅನ್ನುವವರು 'ಬೇಕು' ಅಂತ ಒಂದು ಪ್ಯಾರಾ ಬರೆಯಲಿ. ಅದನ್ನು ಬೇಕು ಅನ್ನುವವರ ಕೈಗೆ ಕೊಡಿ. 'ಹೌದು, ನಾನು ಹೇಳುವುದೂ ಇದನ್ನೇ' ಅಂತ ಅವರು ಒಪ್ಪುವವರೆಗೆ ಉತ್ತರ ಬರೆಯುವಂತಿಲ್ಲ. ಗಲಾಟೆ ಆಗುತ್ತದೆ, ಆಗಲಿ ಬಿಡಿ. 'ಲೆಕ್ಕ ಕೈಗೆ ಹತ್ತಬೇಕಾದರೆ ಒಬ್ಬರೇ ಕೂತು ಮಾಡಲೇಬೇಕು' ಅನ್ನುವಂಥ ಗಟ್ಟಿ ಮಾತು ಹೊರಬರುವುದೇ ಆಗ. ಅದನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ ಅಲ್ವಾ? ಒಪ್ಪುವಷ್ಟನ್ನು ಒಪ್ಪಿ, 'ಲೆಕ್ಕದ ಮಾತು ಸರಿ, ಆದರೆ ಪ್ರಶ್ನೋತ್ತರ ನೋಡಿಕೊಂಡು ಬರೆದರೆ ಏನು ಬಂತು?' ಅಂತ ಮುಂದುವರಿಯುವುದನ್ನು ಕಲಿಯಲಿ.

ಪೀಠಿಕೆಯನ್ನು ಕೊನೆಗೆ ಬರೆಸಿ. ಮೊದಲೇ ಬರೆಸಿದರೆ 'ಇಂದಿನ ಆಧುನಿಕ ಯುಗದಲ್ಲಿ' ಅಂತಲೇ ಶುರು ಮಾಡುತ್ತಾರೆ.

ಇನ್ನು ಮಾದರಿ ಪ್ರಬಂಧ. ಒಂದೇ ಕೊಟ್ಟರೆ ಉರು ಹೊಡೆಯುತ್ತಾರೆ. ಪರವಾಗಿ ಒಂದು, ವಿರೋಧವಾಗಿ ಒಂದು ಕೊಡಿ. ಎರಡರಲ್ಲೂ ಒಂದೊಂದು ಕಡೆ ಬೇಕಂತಲೇ ಕೊಂಡಿ ಬಿಟ್ಟಿರಿ. ಎಲ್ಲಿ ಬಿಟ್ಟಿದೆ ಅಂತ ಅವರೇ ಹುಡುಕಿ ಗೆರೆ ಎಳೆದು, ಬಿಟ್ಟ ವಾಕ್ಯವನ್ನು ಬರೆದು ತುಂಬಲಿ.