38 ಕಿಲೋ ಇಳಿದ ಮ್ಯಾಲ ಹೊಟ್ಟಿ ಚರ್ಮ: ಆಪರೇಶನ್ ಯಾವಾಗ?

ಅಕ್ಕಾರ, 38 ಕಿಲೋ ಇಳಿಸೀರಿ, ಇನ್ನೂ ತಿಂಗಳಿಗೆ 2 ಕಿಲೋ ಇಳಿಯಾಕತ್ತೈತಿ ಅಂತ ಬರದೀರಿ. ಹಂಗಾದ್ರ ಟಮ್ಮಿ ಟಕ್ (ಹೊಟ್ಟಿ ಮ್ಯಾಲಿನ ಜೋತ ಚರ್ಮ ತಗದು ಬಿಗಿ ಮಾಡೋ ಆಪರೇಶನ್) ಈಗ ಬ್ಯಾಡ. ತೂಕ ಕನಿಷ್ಠ 6 ತಿಂಗಳು ಒಂದ ಕಡೆ ನಿಲ್ಲಬೇಕು. ಇಲ್ಲಾಂದ್ರ ಬಿಗಿ ಮಾಡಿದ ಚರ್ಮ ಮತ್ತ ಜೋತು ಬೀಳತೈತಿ. ಇನ್ನೊಂದು ಕೂಸು ಬೇಕಂದ್ರ ಅದಾದ ಮ್ಯಾಲ.

ಹಿಮೋಗ್ಲೋಬಿನ್, ಆಲ್ಬುಮಿನ್ (ರಕ್ತದಾಗಿನ ಪ್ರೋಟೀನ್) ಮೊದಲ ತಪಾಸ ಮಾಡಸ್ರಿ. ಪ್ರೋಟೀನ್ ಕಮ್ಮಿ ಇದ್ರ ಗಾಯ ಲಗೂನ ಮಾಯಂಗಿಲ್ಲ, ಹೊಲಿಗಿ ಬಿಡತಾವು. ಈ ಕಡೆ ಸೊಂಟದಿಂದ ಆ ಕಡೆ ಸೊಂಟಕ್ಕ ಆಪರೇಶನ್ ಗೆರಿ ಕಾಯಂ ಉಳಿಯೋದು ಖರೆ. (ಸೀರಿ ಉಟ್ರ ಕಾಣಂಗಿಲ್ಲ ಬಿಡ್ರಿ.) ಚರ್ಮದ ಕೆಳಗ ನೀರು ತುಂಬಬಹುದು, ಅದನ್ನ ಹೊರಗ ತಗಿಯಾಕ ಕೆಲವು ದಿನ ನಳಗಿ ಇಡಬಹುದು. ಹೊಟ್ಟಿಗೆ ಸುಮಾರು 6 ವಾರ ಬಿಗಿ ಪಟ್ಟಿ ಕಟ್ಟಬೇಕು. ಅಲ್ಲಿ ತನಕ ನಳಕ್ಕ ನೀರು ಬಂದ ದಿನಾನೂ ಕೊಡ ಎತ್ತಂಗಿಲ್ಲ. ಒಂದ ಮೀನಖಂಡ ಬಾತು ನೋವಾದ್ರ, ದಮ್ಮು ಹತ್ತಿದ್ರ ಆ ಕ್ಷಣ ದವಾಖಾನಿಗೆ ಹೋಗ್ರಿ, ರಕ್ತ ಹೆಪ್ಪುಗಟ್ಟಿರಬಹುದು.