ಬದಿಯಡ್ಕದ ರೈ ಮಾಷ್ಟ್ರು, ಮತ್ತು ಇಲ್ಲಿ ಮಾಷ್ಟ್ರ ನೆನಪು ಉಳಿಯುವ ಬಗೆ

ಕೇರಳದ ಹಳ್ಳಿಶಾಲೆಯ ಒಬ್ಬ ಮಾಷ್ಟ್ರನ್ನು ಕಾಸರಗೋಡಿನ ಕನ್ನಡಿಗರು ಇಷ್ಟೊಂದು ನೆನೆಸುವುದು ಯಾಕೆ ಎಂದು ಕೇಳಿದ್ದೀರಿ. ಕಯ್ಯಾರ ಕಿಞ್ಞಣ್ಣ ರೈಗಳು ಘಟ್ಟದ ಮೇಲಿನವರಿಗೆ ಕವಿ, 1997ರ ಮಂಗಳೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಇಲ್ಲಿ ಅವರು ಮೊದಲು ಮಾಷ್ಟ್ರು. ಉಳಿದದ್ದೆಲ್ಲ ಆಮೇಲಿನ ಮಾತು.

ಅವರು ಹುಟ್ಟಿದ್ದು 1915ರ ಜೂನ್ 8ರಂದು. ತೀರಿಕೊಂಡದ್ದು 2015ರ ಆಗಸ್ಟ್ 9ರಂದು, ನೂರು ತುಂಬಿ ಎರಡು ತಿಂಗಳಿಗೆ. ಹುಟ್ಟುವಾಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. 1956ರ ನವೆಂಬರ್ 1ಕ್ಕೆ ಅದು ಕೇರಳಕ್ಕೆ ಸೇರಿದಾಗ ರೈಗಳಿಗೆ 41 ವರ್ಷ. ಮನೆಮಾತು ತುಳು, ಕಲಿತದ್ದು ಕನ್ನಡ ಮತ್ತು ಸಂಸ್ಕೃತ. ಹನ್ನೆರಡನೇ ವಯಸ್ಸಿಗೇ ಕೈಬರಹದ ಪತ್ರಿಕೆ ಹೊರಡಿಸಿದವರು, ಗಾಂಧೀಜಿಯ ಚಳವಳಿಗೆ ಇಳಿದವರು, ಪತ್ರಿಕೆಗಳಿಗೆ ಬರೆದವರು. ಬಹುಕಾಲ ಪಾಠ ಹೇಳಿದ್ದು ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ. 1969ರಲ್ಲಿ ರಾಷ್ಟ್ರ ಮಟ್ಟದ ಶಿಕ್ಷಕ ಪ್ರಶಸ್ತಿ ಬಂತು. ಬದಿಯಡ್ಕ ಪಂಚಾಯತಿಗೂ ಅಧ್ಯಕ್ಷರಾಗಿದ್ದರು, ಕೃಷಿಯನ್ನೂ ಬಿಡಲಿಲ್ಲ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಕೊನೆಯವರೆಗೂ ಹೇಳುತ್ತಿದ್ದ ಇದೇ ಮನುಷ್ಯ ಮಲಯಾಳದ ಕುಮಾರನ್ ಆಶಾನರ ಕವಿತೆಗಳನ್ನು ಕನ್ನಡಕ್ಕೆ ತಂದರು. ಗಡಿಯ ಜಗಳ ಅವರಿಗೆ ಆಡಳಿತದ ಮೇಲಿತ್ತು, ನೆರೆಮನೆಯವರ ಭಾಷೆಯ ಮೇಲೆ ಇರಲಿಲ್ಲ. ಹೊರಗಿನವರು ಇದೊಂದನ್ನು ಸರಿಯಾಗಿ ತಿಳಿದುಕೊಳ್ಳಬೇಕು.

ರಾಜ್ಯಗಳ ಗಡಿ ವಿವಾದ ನೋಡಲು ನೇಮಿಸಿದ್ದ ಮಹಾಜನ ಆಯೋಗದ 1967ರ ವರದಿ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಕರ್ನಾಟಕಕ್ಕೆ ಕೊಡಬೇಕೆಂದಿತು. ಬದಿಯಡ್ಕ ಆ ಉತ್ತರದ ಭಾಗದಲ್ಲೇ ಇದೆ. ವರದಿ ಜಾರಿಯಾಗಲಿಲ್ಲ. ಆಮೇಲೆ ಕನ್ನಡಕ್ಕೆ ಇಲ್ಲಿ ಉಳಿದ ಗಟ್ಟಿ ನೆಲೆ ಎಂದರೆ ಶಾಲೆಯೇ. ಮಾಷ್ಟ್ರು ಪಾಠ ಮಾಡಿದರೆ ಮುಗಿಯಿತು ಎನ್ನುವ ಹಾಗಿರಲಿಲ್ಲ, ಮಕ್ಕಳ ಕೈಗೆ ಕೊಡಲು ಪುಸ್ತಕವೂ ಬೇಕಿತ್ತು. ರೈಗಳು ವಾಚನ ಪಾಠಗಳನ್ನೂ ವ್ಯಾಕರಣವನ್ನೂ ಬರೆದದ್ದನ್ನು ಅವರ ಕವನಗಳಷ್ಟೇ ದೊಡ್ಡ ಕೆಲಸವೆಂದು ಎಣಿಸಬೇಕು.

ಆ ಕೆಲಸ ಇವತ್ತು ಹೇಗೆ ನಡೆಯುತ್ತದೆ ಎಂದು ಗೊತ್ತಾದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕ ಹಾಗೆ. ಇಲ್ಲಿಯ ಕನ್ನಡ ಮಾಧ್ಯಮದ ಮಕ್ಕಳು ಓದುವುದು ಕೇರಳದ ಪಠ್ಯಕ್ರಮವನ್ನು, ಕನ್ನಡದಲ್ಲಿ. ಒಂದರಿಂದ ನಾಲ್ಕು ಎಲ್‌ಪಿ (ಕಿರಿಯ ಪ್ರಾಥಮಿಕ), ಏಳರವರೆಗೆ ಯುಪಿ (ಹಿರಿಯ ಪ್ರಾಥಮಿಕ), ಹತ್ತರವರೆಗೆ ಹೈಸ್ಕೂಲು. ಜೂನಿನಲ್ಲಿ ಶಾಲೆ ತೆರೆದ ಮೇಲೆ ಆರನೇ ಕೆಲಸದ ದಿನ ತಲೆ ಎಣಿಸುತ್ತಾರೆ. ಆ ವರ್ಷ ತರಗತಿಗೆ ಎಷ್ಟು ಡಿವಿಷನ್ (ವಿಭಾಗ), ಎಷ್ಟು ಹುದ್ದೆ ಎನ್ನುವುದು ಆ ಲೆಕ್ಕದ ಮೇಲೆ ನಿಂತಿದೆ. ನಾಲ್ಕು ಮಕ್ಕಳು ಕಡಿಮೆಯಾದರೂ ಒಂದು ಕನ್ನಡ ಡಿವಿಷನ್ ಹೋಗಬಹುದು, ಅದರ ಹಿಂದೆ ಟೀಚರ ಹುದ್ದೆಯೂ ಹೋಗುತ್ತದೆ. ಹೋದದ್ದನ್ನು ಮತ್ತೆ ತರುವುದು ಬಹಳ ಕಷ್ಟ, ಯಾಕೆಂದರೆ ತರಗತಿ ಇಲ್ಲದ ಶಾಲೆಗೆ ಮರುವರ್ಷ ಮಕ್ಕಳನ್ನು ಕಳಿಸಲು ಮನೆಯವರು ಒಪ್ಪುವುದಿಲ್ಲ. ಅದಕ್ಕೇ ಒಳ್ಳೆಯ ಮಾಷ್ಟ್ರುಗಳು, ಟೀಚರುಗಳು ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಮನೆಮನೆ ಹತ್ತಿ ಇಳಿಯುತ್ತಾರೆ. ತುಳು, ಬ್ಯಾರಿ, ಕೊಂಕಣಿ, ಮರಾಟಿ, ಹವ್ಯಕ ಕನ್ನಡ, ಮಲಯಾಳ, ಯಾವ ಮನೆಯಲ್ಲಿ ಯಾವ ಮಾತೋ ಅದರಲ್ಲೇ ಮಾತಾಡಿ ಮಗುವನ್ನು ಕನ್ನಡ ಶಾಲೆಗೆ ಕೇಳುತ್ತಾರೆ.

ಇನ್ನೊಂದು ತೊಂದರೆ ನೇಮಕಾತಿಯದು. ಕನ್ನಡ ಮಾಧ್ಯಮದ ಗಣಿತ, ವಿಜ್ಞಾನ, ಸಮಾಜ ಪಾಠಕ್ಕೆ ಕನ್ನಡ ಬಾರದವರು ಬಂದು ಕೂತದ್ದುಂಟು. ಮಗು ಕನ್ನಡದ ಪುಸ್ತಕ ಹಿಡಿದಿರುತ್ತದೆ, ಪರೀಕ್ಷೆಯೂ ಕನ್ನಡದಲ್ಲೇ, ನಡುವಿನ ವಿವರಣೆ ಮಾತ್ರ ಮಲಯಾಳದಲ್ಲಿ. ಗುಣಾಕಾರ ಹೇಗೋ ಕಲಿತೀತು, ವಾಕ್ಯದಲ್ಲಿ ಕೊಟ್ಟ ಲೆಕ್ಕದಲ್ಲಿ ಮುಗ್ಗರಿಸುತ್ತದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಂವಿಧಾನದ 350ಎ ವಿಧಿಯ ಆಸರೆ ಇದೆ. ಆದರೂ ಪ್ರತಿ ಸಲ ಹೆತ್ತವರು, ಮಕ್ಕಳು ಶಾಲೆಯ ಗೇಟಿನ ಮುಂದೆ ನಿಂತೇ ಕೇಳಬೇಕಾಗಿ ಬರುವುದು ನ್ಯಾಯವಲ್ಲ.

ಮಾಷ್ಟ್ರೊಬ್ಬರು ತೀರಿಕೊಂಡರೆ ಇಲ್ಲಿ ನುಡಿನಮನ ಇಟ್ಟುಕೊಳ್ಳುತ್ತಾರೆ, ಹಳೆ ವಿದ್ಯಾರ್ಥಿಗಳು ಸೇರುತ್ತಾರೆ, ಒಂದು ದತ್ತಿನಿಧಿಯ ಮಾತು ಬರುತ್ತದೆ: ಹತ್ತನೇ ತರಗತಿಯ ಕನ್ನಡದಲ್ಲಿ ಮೊದಲು ಬಂದವರಿಗೆ ಅವರ ಹೆಸರಿನಲ್ಲಿ ಬಹುಮಾನ. ಒಳ್ಳೆಯ ಕ್ರಮ, ಆದರೆ ಹಲವು ನಿಧಿಗಳು ಕೆಲವೇ ವರ್ಷಗಳಲ್ಲಿ ಬತ್ತುತ್ತವೆ. 25,000 ರೂಪಾಯಿ ಇಟ್ಟರೆ ಶೇಕಡಾ 6ರ ಬಡ್ಡಿಗೆ ವರ್ಷಕ್ಕೆ ಬರುವುದು 1,500. ಸ್ಮರಣಿಕೆಗೂ ಶಾಲಿಗೂ ಅದು ಮುಗಿದರೆ ಮಗುವಿನ ಕೈಗೆ ಏನೂ ಉಳಿಯುವುದಿಲ್ಲ. ಬಡ್ಡಿಯ ಐದನೇ ಒಂದು ಪಾಲನ್ನು ಪ್ರತಿ ವರ್ಷ ಅಸಲಿಗೆ ಸೇರಿಸಿದರೆ ಮೊತ್ತ ಸ್ವಲ್ಪವಾದರೂ ಬೆಳೆಯುತ್ತದೆ. ಖಾತೆಯನ್ನು ಇಬ್ಬರು ಹಿರಿಯರ ಸ್ವಂತ ಹೆಸರಿನಲ್ಲಿ ಮಾಡಬಾರದು. ಅವರ ಕಾಲ ಮುಗಿದ ಮೇಲೆ ಸಹಿಗೆ ಯಾರೂ ಇಲ್ಲದೆ ಹತ್ತು ವರ್ಷ ಕಳೆದರೆ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಮತ್ತೆ ಪಡೆಯಲು ದಾರಿ ಇದ್ದರೂ ಓಡಾಟ ತಪ್ಪದು. ಮುಖ್ಯೋಪಾಧ್ಯಾಯರು, ಪಿಟಿಎ (ಹೆತ್ತವರ ಮತ್ತು ಶಿಕ್ಷಕರ ಸಂಘ) ಅಧ್ಯಕ್ಷರು ಎಂದು ಹುದ್ದೆಯ ಹೆಸರಿನಲ್ಲೇ ಖಾತೆ ಇರಲಿ, ಒಪ್ಪಂದದ ಒಂದು ಪ್ರತಿ ಶಾಲೆಯ ಕಡತದಲ್ಲಿ ಇರಲಿ.

ದೂರದಿಂದ ಏನಾದರೂ ಮಾಡಬೇಕೆಂದು ನಿಮಗಿದ್ದರೆ ಕರ್ನಾಟಕದ ಪಠ್ಯಪುಸ್ತಕಗಳನ್ನು ಕಳಿಸಬೇಡಿ, ಪಾಠಗಳೇ ಬೇರೆ, ಉಪಯೋಗಕ್ಕೆ ಬಾರವು. ಕನ್ನಡ ನಿಘಂಟು, ದಪ್ಪ ಅಕ್ಷರದ ಕತೆಪುಸ್ತಕ, ಕನ್ನಡದಲ್ಲಿರುವ ವಿಜ್ಞಾನದ ಪುಸ್ತಕಗಳು ಬೇಕು. ಕೇರಳದ ಶಾಲಾ ಮಕ್ಕಳ ಕಲಾಸ್ಪರ್ಧೆಯಾದ ಕಲೋತ್ಸವದಲ್ಲಿ ಕನ್ನಡ ಕಂಠಪಾಠ ಇರುವುದರಿಂದ ಕವನ ಸಂಗ್ರಹಗಳನ್ನು ಮಕ್ಕಳು ತಾವಾಗಿ ಹುಡುಕುತ್ತಾರೆ. ಮೊದಲು ಮುಖ್ಯೋಪಾಧ್ಯಾಯರಿಗೆ ಫೋನು ಮಾಡಿ ಯಾವ ತರಗತಿಗೆ ಎಷ್ಟು ಬೇಕೆಂದು ಕೇಳಿ. ಮಳೆಗಾಲದಲ್ಲಿ ಕಳಿಸಿದರೆ ಕಟ್ಟು ದಾರಿಯಲ್ಲೇ ನೆನೆದೀತು, ಅಕ್ಟೋಬರ್ ಕಳೆದ ಮೇಲೆ ಕಳಿಸಿ. ಪುಸ್ತಕದ ಜೊತೆ ಒಂದು ಸ್ಟೀಲ್ ಕಪಾಟಿಗೂ ದುಡ್ಡು ಸೇರಿಸಿದರೆ ಒಳ್ಳೆಯದು, ಮರದ ಕಪಾಟಾದರೆ ಎರಡು ಮಳೆಗಾಲದೊಳಗೆ ಗೆದ್ದಲು ಹಿಡಿಯುತ್ತದೆ.